ಆರೆಂಟು ವಾರಗಳ ತೀವ್ರ ಮಾನಸಿಕ ಚಿಕಿತ್ಸೆ: ಮಕ್ಕಳಿಗೆ ಎಷ್ಟು ಆಸರೆ, ಎಲ್ಲಿ ತೊಡಕು?

ಮಕ್ಕಳು ಮತ್ತು ಹದಿಹರೆಯದವರಿಗಾಗಿ ‘ಅಲ್ಪಾವಧಿಯ ತೀವ್ರ ಹೊರರೋಗಿ ಸೇವೆ’ ಆರಂಭ ಎಂಬ ಸುದ್ದಿ ಈಚಿನ ವರ್ಷಗಳಲ್ಲಿ ಬೇರೆಬೇರೆ ದೇಶಗಳಿಂದ ಬರುತ್ತಿದೆ. ಅದರ ಬೆನ್ನಿಗೇ ಇನ್ನೊಂದು ಸುದ್ದಿಯೂ ಇರುತ್ತದೆ: ಮಕ್ಕಳ ಮನೋರೋಗ ವಾರ್ಡುಗಳಲ್ಲಿ ಹಾಸಿಗೆ ಖಾಲಿ ಇಲ್ಲ, ಬಿಕ್ಕಟ್ಟಿನಲ್ಲಿರುವ ಮಕ್ಕಳು ತುರ್ತು ಚಿಕಿತ್ಸಾ ವಿಭಾಗದಲ್ಲೇ ದಿನಗಟ್ಟಲೆ ಕಾಯುತ್ತಿದ್ದಾರೆ. ಎರಡನ್ನೂ ಓದಿದ ತಂದೆತಾಯಿಗೆ ತಲೆಬುಡ ತಿಳಿಯದಂತಾಗುವುದು ಸಹಜ. ‘ತೀವ್ರ’ ಎಂದಮೇಲೆ ‘ಹೊರರೋಗಿ’ ಹೇಗಾಗುತ್ತದೆ? ಅಷ್ಟು ಕಾಯಿಲೆ ಇದ್ದರೆ ಅಡ್ಮಿಟ್ ಮಾಡಬೇಕಲ್ಲವೇ? ಅಷ್ಟೇನೂ ಇಲ್ಲದಿದ್ದರೆ ವಾರಕ್ಕೊಮ್ಮೆ ಆಪ್ತಸಮಾಲೋಚನೆ ಸಾಲದೇ? ಆರು ವಾರ, ಎಂಟು ವಾರ ಎಂದು ಮೊದಲೇ ಗಡುವು ಹಾಕಿಬಿಟ್ಟರೆ ಅಷ್ಟರೊಳಗೆ ಮಗು ಗುಣವಾಗುತ್ತದೆಯೇ?

ಕೊನೆಯ ಪ್ರಶ್ನೆಗೆ ಉತ್ತರವನ್ನು ಮೊದಲೇ ಹೇಳಿಬಿಡುವುದು ಒಳ್ಳೆಯದು. ಬಹುತೇಕ ಮಕ್ಕಳು ಎಂಟು ವಾರದಲ್ಲಿ ಪೂರ್ತಿ ಗುಣವಾಗುವುದಿಲ್ಲ. ಈ ಸೇವೆಯನ್ನು ರೂಪಿಸಿರುವುದೂ ಅದಕ್ಕಲ್ಲ. ಅಪಾಯವನ್ನು ತಗ್ಗಿಸಿ, ಮಗು ಮನೆ ಮತ್ತು ಶಾಲೆಯ ದಿನಚರಿಗೆ ಮರಳುವಷ್ಟು ನೆಲೆ ಒದಗಿಸಿ, ಮುಂದಿನ ಚಿಕಿತ್ಸಕರ ಕೈಗೆ ದಾಟಿಸುವುದು ಇದರ ಕೆಲಸ. ಹೀಗಾಗಿ ಯಾವ ಮಗುವನ್ನು ಒಳಗೆ ತೆಗೆದುಕೊಳ್ಳುತ್ತಾರೆ, ಹೊರಗೆ ಬಂದಾಗ ಆ ಮಗುವಿಗಾಗಿ ಯಾರು ಕಾದಿರುತ್ತಾರೆ ಎಂಬ ಎರಡು ಸಂಗತಿಗಳೇ ಸೇವೆಯ ಸಾರ್ಥಕತೆಯನ್ನು ನಿರ್ಧರಿಸುತ್ತವೆ. ನಡುವಿನ ಚಿಕಿತ್ಸೆ ಎಷ್ಟೇ ಚೆನ್ನಾಗಿದ್ದರೂ ಈ ಎರಡರಲ್ಲಿ ಒಂದು ಎಡವಿದರೆ ಫಲ ನಿಲ್ಲುವುದಿಲ್ಲ.

ನಡುವೆ ಇಲ್ಲದ ಮೆಟ್ಟಿಲು

ಮಾನಸಿಕ ಕಾಯಿಲೆಗಳು ದೊಡ್ಡವರಾದ ಮೇಲೆ ಬರುವಂಥವು ಎಂಬ ನಂಬಿಕೆ ಇನ್ನೂ ಬಲವಾಗಿದೆ. ಹಲವು ದೇಶಗಳ ಅಧ್ಯಯನಗಳನ್ನು ಒಟ್ಟುಗೂಡಿಸಿ 2021ರಲ್ಲಿ ಪ್ರಕಟವಾದ ದೊಡ್ಡ ವಿಶ್ಲೇಷಣೆಯೊಂದು ಬೇರೆಯದನ್ನೇ ಹೇಳುತ್ತದೆ. ಮಾನಸಿಕ ಕಾಯಿಲೆ ಇರುವವರಲ್ಲಿ ಸುಮಾರು ಮೂರನೆಯ ಒಂದು ಭಾಗದವರಿಗೆ ಅದು ಶುರುವಾಗುವುದು 14 ವರ್ಷದೊಳಗೆ, ಹೆಚ್ಚುಕಡಿಮೆ ಅರ್ಧದಷ್ಟು ಜನರಿಗೆ 18 ವರ್ಷದೊಳಗೆ. 10ರಿಂದ 19 ವರ್ಷದವರಲ್ಲಿ ಪ್ರತಿ ಏಳರಲ್ಲಿ ಒಬ್ಬರಿಗೆ ಯಾವುದಾದರೊಂದು ಮಾನಸಿಕ ತೊಂದರೆ ಇದೆ ಎನ್ನುವುದು ವಿಶ್ವ ಆರೋಗ್ಯ ಸಂಸ್ಥೆಯ ಅಂದಾಜು. ಕೋವಿಡ್ ಕಾಲದಲ್ಲಿ ಒತ್ತಡ ಇನ್ನೂ ಹೆಚ್ಚಿತು. 2021ರ ಅಕ್ಟೋಬರ್‌ನಲ್ಲಿ ಅಮೆರಿಕದ ಮಕ್ಕಳ ವೈದ್ಯರ, ಮಕ್ಕಳ ಮನೋವೈದ್ಯರ ಮತ್ತು ಮಕ್ಕಳ ಆಸ್ಪತ್ರೆಗಳ ಸಂಘಗಳು ಒಟ್ಟಾಗಿ ಮಕ್ಕಳ ಮಾನಸಿಕ ಆರೋಗ್ಯದಲ್ಲಿ ‘ರಾಷ್ಟ್ರೀಯ ತುರ್ತು ಪರಿಸ್ಥಿತಿ’ ಇದೆ ಎಂದು ಘೋಷಿಸಿದವು.

ಇಷ್ಟು ಮಕ್ಕಳಿಗೆ ಹಳೆಯ ವ್ಯವಸ್ಥೆಯಲ್ಲಿ ಇದ್ದದ್ದು ಮುಖ್ಯವಾಗಿ ಎರಡೇ ದಾರಿ. ಒಂದು, ವಾರಕ್ಕೊಮ್ಮೆ ಅಥವಾ ಹದಿನೈದು ದಿನಕ್ಕೊಮ್ಮೆ ಐವತ್ತು ನಿಮಿಷದ ಭೇಟಿ. ಇನ್ನೊಂದು, ಆಸ್ಪತ್ರೆಯ ವಾರ್ಡು. ವಾರಕ್ಕೆ 168 ಗಂಟೆ. ಅದರಲ್ಲಿ ಒಂದು ಗಂಟೆ ಚಿಕಿತ್ಸಕರ ಮುಂದೆ ಕೂತ ಮಗು, ಉಳಿದ 167 ಗಂಟೆಗಳನ್ನು ತಾನೇ ನಿಭಾಯಿಸಬೇಕು. ಮೂರು ವಾರದಿಂದ ಶಾಲೆಗೆ ಹೋಗದ, ರಾತ್ರಿಯೆಲ್ಲ ಎಚ್ಚರವಿರುವ, ಸಾಯುವ ಮಾತಾಡುವ ಹದಿನೈದರ ಹುಡುಗಿಗೆ ಆ ಒಂದು ಗಂಟೆ ಏನೇನೂ ಸಾಲದು. ಹಾಗೆಂದು ಅವಳನ್ನು ವಾರ್ಡಿಗೆ ಸೇರಿಸಿದರೆ ಜೀವ ಉಳಿಸುವ ಕಾವಲು ಸಿಗುತ್ತದೆ, ಆದರೆ ಶಾಲೆ, ಗೆಳತಿಯರು, ಮನೆ ಎಲ್ಲವೂ ಒಮ್ಮೆಗೇ ದೂರವಾಗುತ್ತವೆ. ಅವಳ ಸಂಕಟ ಹುಟ್ಟಿದ್ದು ಆ ಮನೆ, ಆ ಶಾಲೆಯ ನಡುವೆ. ವಾರ್ಡಿನಲ್ಲಿ ಶಾಂತವಾದ ಮನಸ್ಸು ಮನೆಗೆ ಮರಳಿದ ಮೂರನೆಯ ದಿನ ಹಳೆಯ ಜಗಳದ ಎದುರು ನಿಂತಾಗ ಏನು ಮಾಡಬೇಕು ಎಂಬುದನ್ನು ಅಲ್ಲಿ ಅಭ್ಯಾಸ ಮಾಡಿಸಲು ಆಗುವುದಿಲ್ಲ.

ಈ ಎರಡರ ನಡುವಿನ ಮೆಟ್ಟಿಲಾಗಿ ಬಂದದ್ದು ತೀವ್ರ ಹೊರರೋಗಿ ಸೇವೆ. ಮಗು ರಾತ್ರಿ ಮನೆಯಲ್ಲೇ ಮಲಗುತ್ತದೆ. ವಾರದಲ್ಲಿ ಹಲವು ದಿನ, ಸಾಮಾನ್ಯವಾಗಿ ಶಾಲೆ ಬಿಟ್ಟ ಮೇಲೆ, ಚಿಕಿತ್ಸಾ ಕೇಂದ್ರಕ್ಕೆ ಬರುತ್ತದೆ. ಬಂದು ಕಲಿತದ್ದನ್ನು ಅದೇ ರಾತ್ರಿ ಮನೆಯಲ್ಲಿ ಪ್ರಯೋಗಿಸುತ್ತದೆ. ಕೈಕೊಟ್ಟರೆ ಎರಡು ದಿನದೊಳಗೆ ಮತ್ತೆ ಬಂದು ಎಲ್ಲಿ ತಪ್ಪಿತು ಎಂದು ನೋಡಬಹುದು. ಈ ಬೇಗನೆ ಮರಳಿ ನೋಡುವ ಅವಕಾಶವೇ ಇದರ ನಿಜವಾದ ಬಲ.

ಗಂಟೆಗಳ ಲೆಕ್ಕ

ಅಮೆರಿಕದ ರೂಢಿಯಲ್ಲಿ ವಾರಕ್ಕೆ ಕನಿಷ್ಠ 9 ಗಂಟೆ ಇದ್ದರೆ ಅದು ತೀವ್ರ ಹೊರರೋಗಿ ಸೇವೆ. ದಿನಕ್ಕೆ ಮೂರು ಗಂಟೆಯಂತೆ ಮೂರು ದಿನ ಎನ್ನುವುದು ಅದರ ಸಾಮಾನ್ಯ ರೂಪ. ವಾರಕ್ಕೆ 20 ಗಂಟೆ ದಾಟಿದರೆ, ಅಂದರೆ ವಾರದ ಐದು ದಿನ ಹಗಲಿನ ಹಲವು ಗಂಟೆ ಅಲ್ಲೇ ಇರುವಂತಿದ್ದರೆ, ಅದು ಹಗಲು ಆಸ್ಪತ್ರೆ. ಅವಧಿ ಹೆಚ್ಚಾಗಿ ಆರರಿಂದ ಹನ್ನೆರಡು ವಾರ. ಬ್ರಿಟನ್‌ನಂಥ ಕಡೆ ಇದೇ ಕೆಲಸವನ್ನು ಇನ್ನೊಂದು ಬಗೆಯಲ್ಲಿ ಮಾಡುತ್ತಾರೆ: ಮಗುವನ್ನು ಕೇಂದ್ರಕ್ಕೆ ಕರೆಸುವ ಬದಲು ತಂಡವೇ ವಾರಕ್ಕೆ ಹಲವು ಸಲ ಮನೆಗೆ, ಶಾಲೆಗೆ ಹೋಗುತ್ತದೆ. ಹೆಸರು ಬೇರೆ, ತತ್ವ ಒಂದೇ.

ಎಂಟು ವಾರ, ವಾರಕ್ಕೆ ಒಂಬತ್ತು ಗಂಟೆ ಎಂದರೆ 72 ಗಂಟೆ. ಐವತ್ತು ನಿಮಿಷದ ವಾರದ ಭೇಟಿಯಲ್ಲಿ ಇಷ್ಟೇ ಹೊತ್ತು ಒದಗಬೇಕಾದರೆ ಒಂದೂವರೆ ವರ್ಷ ದಾಟುತ್ತದೆ. ಜಾಹೀರಾತುಗಳು ಈ ಲೆಕ್ಕವನ್ನು ಎತ್ತಿ ತೋರಿಸುತ್ತವೆ. ಲೆಕ್ಕ ಸರಿಯೇ, ಆದರೆ ಅದರಿಂದ ತೆಗೆಯುವ ತೀರ್ಮಾನದಲ್ಲಿ ಎಡವಟ್ಟಿದೆ. ಕೆಲವು ಬದಲಾವಣೆಗಳು ಗಂಟೆಗಳನ್ನು ಬೇಡುತ್ತವೆ, ಕೆಲವು ತಿಂಗಳುಗಳನ್ನು ಬೇಡುತ್ತವೆ. ಕೋಪ ನೆತ್ತಿಗೇರಿದಾಗ ತಣ್ಣೀರಿನಲ್ಲಿ ಮುಖ ಅದ್ದುವುದನ್ನು, ಉಸಿರನ್ನು ನಿಧಾನ ಮಾಡುವುದನ್ನು ಮೂರು ವಾರದಲ್ಲಿ ಕಲಿಸಬಹುದು. ಮುರಿದುಹೋದ ಗೆಳೆತನದ ಜಾಗದಲ್ಲಿ ಹೊಸ ಗೆಳೆತನ ಬೆಳೆಯುವುದನ್ನು ವಾರದ ಗಂಟೆ ಹೆಚ್ಚಿಸಿ ಬೇಗ ಮಾಡಲಾಗದು.

ಔಷಧಿಯದೂ ಅದೇ ಕಥೆ. ಖಿನ್ನತೆಗೆ ಕೊಡುವ ಫ್ಲೂಆಕ್ಸೆಟಿನ್‌ನಂಥ ಮಾತ್ರೆಯ ಗುಣ ಕಾಣಲು ನಾಲ್ಕರಿಂದ ಆರು ವಾರ ಬೇಕು. ಎರಡನೆಯ ವಾರದಲ್ಲಿ ಶುರುಮಾಡಿದ ಮಾತ್ರೆ ಹಿಡಿಯುವಷ್ಟರಲ್ಲಿ ಎಂಟು ವಾರದ ಸೇವೆ ಮುಗಿಯುತ್ತ ಬಂದಿರುತ್ತದೆ. ಆದರೂ ಮಾತ್ರೆ ಶುರುಮಾಡಲು ಇದಕ್ಕಿಂತ ಒಳ್ಳೆಯ ಜಾಗ ಕಡಿಮೆ. 2004ರಲ್ಲಿ ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಮಕ್ಕಳ ಮೇಲಿನ 24 ಪ್ರಯೋಗಗಳನ್ನು ಒಟ್ಟಾಗಿ ನೋಡಿದಾಗ, ಖಿನ್ನತೆ ನಿವಾರಕ ತೆಗೆದುಕೊಂಡವರಲ್ಲಿ ಶೇ 4ರಷ್ಟು ಮಂದಿಯಲ್ಲಿ ಆತ್ಮಹತ್ಯೆಯ ಆಲೋಚನೆ ಅಥವಾ ವರ್ತನೆ ಕಂಡಿತ್ತು. ಸಕ್ಕರೆ ಗುಳಿಗೆಯಂಥ ಹುಸಿಮಾತ್ರೆ ಪಡೆದವರಲ್ಲಿ ಅದು ಶೇ 2. ಆ ಪ್ರಯೋಗಗಳಲ್ಲಿ ಯಾರೂ ಆತ್ಮಹತ್ಯೆಯಿಂದ ಸಾಯಲಿಲ್ಲ. ಆದರೂ ಮೊದಲ ವಾರಗಳಲ್ಲಿ ಕಣ್ಣಿಟ್ಟು ನೋಡಬೇಕು ಎಂಬ ಎಚ್ಚರಿಕೆ ಬಂದದ್ದು ಅಲ್ಲಿಂದ. ವಾರಕ್ಕೆ ಮೂರು ದಿನ ಮಗುವನ್ನು ಕಾಣುವ ತಂಡಕ್ಕೆ ಚಡಪಡಿಕೆ, ನಿದ್ದೆಗೇಡು, ಹಠಾತ್ ಬದಲಾವಣೆ ಬೇಗ ಕಣ್ಣಿಗೆ ಬೀಳುತ್ತವೆ.

ಆ ಮೂರು ಗಂಟೆಯಲ್ಲಿ ನಡೆಯುವುದೇನು

ಒಳ್ಳೆಯ ಕೇಂದ್ರದಲ್ಲಿ ಸಂಜೆ ಶುರುವಾಗುವುದು ಒಂದು ಚೀಟಿಯಿಂದ. ಕಳೆದ ಎರಡು ದಿನ ನಿದ್ದೆ ಎಷ್ಟು, ದುಃಖ ಮತ್ತು ಕೋಪ ಸೊನ್ನೆಯಿಂದ ಐದರಲ್ಲಿ ಎಷ್ಟು, ತನಗೆ ನೋವು ಮಾಡಿಕೊಳ್ಳಬೇಕೆನಿಸಿತೇ, ಮಾಡಿಕೊಂಡೆಯಾ, ಕಲಿತ ಯಾವ ಉಪಾಯ ಬಳಸಿದೆ ಎಂಬುದನ್ನು ಮಗು ಅದರಲ್ಲಿ ಗುರುತು ಹಾಕಿ ತಂದಿರುತ್ತದೆ. ಯಾರ ಚೀಟಿಯಲ್ಲಿ ಅಂಕೆ ಏರಿದೆಯೋ ಅವರನ್ನು ಗುಂಪಿಗೆ ಕೂರಿಸುವ ಮೊದಲು ಒಬ್ಬರೇ ಕರೆದು ಮಾತಾಡಿಸುತ್ತಾರೆ. ಬಳಿಕ ಆರೆಂಟು ಮಕ್ಕಳ ಗುಂಪಿನಲ್ಲಿ ಕೌಶಲದ ಪಾಠ, ಸಣ್ಣ ಬಿಡುವು, ಮತ್ತೊಂದು ಗುಂಪು ಅಥವಾ ಒಬ್ಬೊಬ್ಬರ ಭೇಟಿ. ವಾರಕ್ಕೆ ಕನಿಷ್ಠ ಒಂದು ದಿನ ಹೆತ್ತವರೂ ಕೂರುತ್ತಾರೆ.

ಒಬ್ಬರೇ ಕೂತ ಭೇಟಿಯಲ್ಲಿ ನಡೆಯುವ ಒಂದು ಕೆಲಸವನ್ನು ಹತ್ತಿರದಿಂದ ನೋಡೋಣ. ಅಮೆರಿಕದ ಮನಶ್ಶಾಸ್ತ್ರಜ್ಞೆ ಮಾರ್ಷಾ ಲಿನೆಹ್ಯಾನ್ ರೂಪಿಸಿದ, ತೀವ್ರ ಭಾವನೆಗಳನ್ನು ನಿಭಾಯಿಸುವ ಕೌಶಲ ಕಲಿಸುವ, ಡಿಬಿಟಿ ಎಂದು ಕರೆಯುವ ಚಿಕಿತ್ಸೆಯಲ್ಲಿ ಇದಕ್ಕೆ ಸರಪಳಿ ವಿಶ್ಲೇಷಣೆ ಎನ್ನುತ್ತಾರೆ. ಹುಡುಗನೊಬ್ಬ ಮಂಗಳವಾರ ರಾತ್ರಿ ತನಗೆ ತಾನೇ ಗಾಯ ಮಾಡಿಕೊಂಡ ಎಂದಿಟ್ಟುಕೊಳ್ಳಿ. ‘ಯಾಕೆ ಮಾಡಿಕೊಂಡೆ?’ ಎಂದು ಕೇಳಿದರೆ ‘ಗೊತ್ತಿಲ್ಲ’ ಎಂಬ ಉತ್ತರ ಬರುತ್ತದೆ, ಅದು ಸುಳ್ಳೂ ಅಲ್ಲ. ಚಿಕಿತ್ಸಕಿ ಹಾಗೆ ಕೇಳುವುದಿಲ್ಲ. ಅದಕ್ಕೂ ಸ್ವಲ್ಪ ಮುಂಚೆ ಎಲ್ಲಿದ್ದೆ, ಏನು ಮಾಡುತ್ತಿದ್ದೆ, ಅದಕ್ಕೂ ಮೊದಲು ಎಂದು ಒಂದೊಂದೇ ಕೊಂಡಿ ಹಿಡಿದು ಹಿಂದಕ್ಕೆ ಹೋಗುತ್ತಾಳೆ. ಹಿಂದಿನ ರಾತ್ರಿ ನಾಲ್ಕೇ ಗಂಟೆ ನಿದ್ದೆ. ಮಧ್ಯಾಹ್ನ ಊಟ ಬಿಟ್ಟಿದ್ದ. ಸಂಜೆ ಗೆಳೆಯರ ಗುಂಪಿನಲ್ಲಿ ತನ್ನ ಸಂದೇಶಕ್ಕೆ ಯಾರೂ ಉತ್ತರಿಸಲಿಲ್ಲ. ‘ನಾನು ಯಾರಿಗೂ ಬೇಡ’ ಎಂಬ ಯೋಚನೆ ಬಂತು. ಎದೆ ಬಿಗಿಯಿತು. ಅಷ್ಟರಲ್ಲಿ ಅಪ್ಪ ಅಂಕಪಟ್ಟಿಯ ಮಾತೆತ್ತಿದರು. ಬಾಗಿಲು ಹಾಕಿಕೊಂಡ. ಗಾಯ ಮಾಡಿಕೊಂಡ. ಎದೆಯ ಬಿಗಿತ ಕೆಲ ನಿಮಿಷ ಸಡಿಲವಾಯಿತು. ಆಮೇಲೆ ನಾಚಿಕೆ.

ಕಾಗದದ ಮೇಲೆ ಈ ಎಂಟು ಹತ್ತು ಕೊಂಡಿಗಳನ್ನು ಬರೆದಿಟ್ಟ ಮೇಲೆ ಹುಡುಗನಿಗೇ ಕಾಣುತ್ತದೆ: ಕೊನೆಯ ಕೊಂಡಿಯ ಹತ್ತಿರ ತಡೆಯುವುದು ಬಲು ಕಷ್ಟ, ಮೊದಲ ಕೊಂಡಿಗಳ ಹತ್ತಿರ ಸುಲಭ. ನಿದ್ದೆ, ಊಟ ಸರಿಯಿದ್ದರೆ ಆ ಸಂಜೆಯ ಮೌನ ಅಷ್ಟು ಚುಚ್ಚುತ್ತಿರಲಿಲ್ಲ. ಯೋಚನೆ ಬಂದ ಕ್ಷಣದಲ್ಲಿ ಒಬ್ಬ ಗೆಳೆಯನಿಗೆ ನೇರ ಕರೆ ಮಾಡಬಹುದಿತ್ತು. ಅಪ್ಪ ಆ ಮಾತನ್ನು ಶನಿವಾರ ಬೆಳಗ್ಗೆ ಎತ್ತಬಹುದಿತ್ತು. ಗಾಯದಿಂದ ಬಿಗಿತ ಕೆಲ ನಿಮಿಷ ಸಡಿಲವಾಗುತ್ತದೆ ಎಂಬುದನ್ನು ಚಿಕಿತ್ಸಕಿ ಅಲ್ಲಗಳೆಯುವುದಿಲ್ಲ, ಏಕೆಂದರೆ ಅಭ್ಯಾಸ ಬೇರೂರುವುದು ಆ ಕ್ಷಣಿಕ ನೆಮ್ಮದಿಯಿಂದಲೇ. ಅದೇ ನೆಮ್ಮದಿಗೆ ಅಪಾಯವಿಲ್ಲದ ಇನ್ನೊಂದು ದಾರಿ ಹುಡುಕದೆ ಬರೀ ‘ಮಾಡಬೇಡ’ ಎಂದರೆ ಹುಡುಗ ಮಾಡುವುದನ್ನು ಬಿಡುವುದಿಲ್ಲ, ಹೇಳುವುದನ್ನು ಬಿಡುತ್ತಾನೆ.

ಗುಂಪಿನಲ್ಲಿ ಮಾತ್ರ ಈ ವಿವರಗಳನ್ನು ಬಿಚ್ಚಬಾರದು. ಹೇಗೆ ಗಾಯ ಮಾಡಿಕೊಂಡೆ, ಎಷ್ಟು ಆಳ ಎಂಬ ಮಾತು ಅಲ್ಲಿ ನಿಷಿದ್ಧ. ಗಾಯದ ಗುರುತುಗಳನ್ನು ಮುಚ್ಚಿಕೊಂಡೇ ಕೂರಬೇಕು. ಈ ಕಟ್ಟುನಿಟ್ಟಿಗೆ ಕಾರಣವಿದೆ. ಹದಿಹರೆಯದವರು ಒಬ್ಬರಿಂದೊಬ್ಬರು ಬಹಳ ಬೇಗ ಕಲಿಯುತ್ತಾರೆ, ಕೆಟ್ಟದ್ದನ್ನೂ. ತೊಂದರೆಯಲ್ಲಿರುವ ಹುಡುಗರನ್ನೇ ಗುಂಪುಗೂಡಿಸಿ ನಡೆಸುವ ಚಿಕಿತ್ಸೆ ಕೆಲವೊಮ್ಮೆ ಅವರ ವರ್ತನೆಯನ್ನು ಇನ್ನಷ್ಟು ಕೆಡಿಸಬಹುದು ಎಂದು ಥಾಮಸ್ ಡಿಷಿಯಾನ್ ಮತ್ತು ಸಂಗಡಿಗರು 1999ರಷ್ಟು ಹಿಂದೆಯೇ ಎಚ್ಚರಿಸಿದ್ದರು. ಗುಂಪು ದೊಡ್ಡದಾಗಿ, ನಡೆಸುವವರು ಒಬ್ಬರೇ ಆಗಿ, ಹನ್ನೊಂದರ ಮಗುವೂ ಹದಿನೇಳರ ಹುಡುಗನೂ ಒಟ್ಟಿಗೇ ಕೂತಿದ್ದರೆ ಅಲ್ಲಿ ಈ ಅಪಾಯ ಹೆಚ್ಚು.

ಆರು ಹೆಜ್ಜೆಯ ಕಾಗದ

ಆತ್ಮಹತ್ಯೆಯ ಆಲೋಚನೆ ಇರುವ ಪ್ರತಿ ಮಗುವಿಗೂ ಮೊದಲ ದಿನವೇ ಆಗಬೇಕಾದ ಕೆಲಸ ಸುರಕ್ಷತಾ ಯೋಜನೆ. ಬಾರ್ಬರಾ ಸ್ಟ್ಯಾನ್ಲಿ ಮತ್ತು ಗ್ರೆಗರಿ ಬ್ರೌನ್ ರೂಪಿಸಿದ ಮಾದರಿಯಲ್ಲಿ ಆರು ಹೆಜ್ಜೆಗಳಿವೆ. ಮೊದಲನೆಯದರಲ್ಲಿ ಬಿಕ್ಕಟ್ಟು ಹತ್ತಿರವಾಗುತ್ತಿದೆ ಎಂದು ತನಗೆ ತಾನೇ ತಿಳಿಯುವ ಸೂಚನೆಗಳು. ಎರಡನೆಯದರಲ್ಲಿ ಯಾರ ನೆರವೂ ಇಲ್ಲದೆ ಮನಸ್ಸನ್ನು ಬೇರೆಡೆ ತಿರುಗಿಸುವ ಕೆಲಸಗಳು. ಮೂರನೆಯದರಲ್ಲಿ ಗಮನ ಬೇರೆಡೆ ಹೋಗುವಂಥ ಜನ ಮತ್ತು ಜಾಗಗಳು. ನಾಲ್ಕನೆಯದರಲ್ಲಿ ಬಾಯಿಬಿಟ್ಟು ಸಹಾಯ ಕೇಳಬಹುದಾದ ಮನೆಯವರು, ಗೆಳೆಯರು. ಐದನೆಯದರಲ್ಲಿ ಚಿಕಿತ್ಸಕರು ಮತ್ತು ತುರ್ತು ಸಹಾಯದ ಸಂಖ್ಯೆಗಳು. ಆರನೆಯದು, ಮನೆಯನ್ನು ಸುರಕ್ಷಿತವಾಗಿಸುವುದು.

ಆರನೆಯ ಹೆಜ್ಜೆ ಹೆತ್ತವರ ಪಾಲಿಗೆ ಬರುತ್ತದೆ, ಹೆಚ್ಚಾಗಿ ಅರೆಬರೆಯಾಗಿ ನಡೆಯುವುದೂ ಅದೇ. ಮನೆಯಲ್ಲಿರುವ ಎಲ್ಲರ ಮಾತ್ರೆಗಳಿಗೂ ಬೀಗ ಬೇಕು, ಮಗುವಿನವಕ್ಕೆ ಮಾತ್ರ ಹಾಕಿದರೆ ಪ್ರಯೋಜನವಿಲ್ಲ. ನೋವಿನ ಮಾತ್ರೆಯಂಥ, ವೈದ್ಯರ ಚೀಟಿಯಿಲ್ಲದೆ ಸಿಗುವ ಔಷಧಿಗಳೂ ಅದರಲ್ಲಿ ಸೇರಬೇಕು. ಹರಿತ ವಸ್ತು, ವಿಷಕಾರಿ ರಾಸಾಯನಿಕಗಳು, ಆಯುಧಗಳು ಕೈಗೆ ಸಿಗದಂತಿರಬೇಕು. ಮಗು ಅಷ್ಟು ನಿರ್ಧರಿಸಿದ್ದರೆ ಬೀಗ ತಡೆಯುತ್ತದೆಯೇ ಎಂದು ಹಲವರು ಕೇಳುತ್ತಾರೆ. ಹೌದು, ಹಲವು ಸಲ ತಡೆಯುತ್ತದೆ. ಆತ್ಮಹತ್ಯೆಯ ತುಡಿತ ತೀರಾ ಏರಿರುವ ಹೊತ್ತು ಅಲ್ಪವಾಗಿರುತ್ತದೆ, ಕೆಲವೊಮ್ಮೆ ಕೆಲವೇ ನಿಮಿಷ. ಆ ಹೊತ್ತು ಸುಲಭವಾಗಿ ಏನೂ ಸಿಗದಿದ್ದರೆ ಅಲೆ ಇಳಿಯಲು ಸಮಯ ಸಿಗುತ್ತದೆ.

ಇನ್ನೊಂದು ಭಯವನ್ನೂ ಇಲ್ಲೇ ನಿವಾರಿಸಬೇಕು. ‘ಸಾಯಬೇಕು ಅನ್ನಿಸುತ್ತಿದೆಯಾ ಪುಟ್ಟಾ?’ ಎಂದು ಕೇಳಿದರೆ ಇಲ್ಲದ ಯೋಚನೆಯನ್ನು ನಾವೇ ತಲೆಗೆ ಹಾಕಿದಂತಾಗುತ್ತದೆ ಎಂದು ತಂದೆತಾಯಿ ಹಿಂಜರಿಯುತ್ತಾರೆ. ಕೇಳಿದ್ದರಿಂದ ಅಪಾಯ ಹೆಚ್ಚಾಗುವುದಿಲ್ಲ ಎಂದು ಅಧ್ಯಯನಗಳು ಮತ್ತೆಮತ್ತೆ ತೋರಿಸಿವೆ. ಕೇಳದೆ ಬಿಟ್ಟರೆ ಮಗು ಒಂಟಿಯಾಗುತ್ತದೆ.

ಯೋಜನೆ ಕೆಡುವುದು ಎಲ್ಲಿ? ಸಿಬ್ಬಂದಿಯೇ ತುಂಬಿಸಿ ಸಹಿ ಹಾಕಿಸಿಕೊಂಡಾಗ. ‘ಸಂಗೀತ ಕೇಳುವುದು’ ಎಂದು ಬರೆದಿದ್ದರೆ ಅದು ಯಾವ ಹಾಡು, ಯಾವ ಫೋನು, ಆ ಹೊತ್ತಿಗೆ ಅಪ್ಪ ಅಮ್ಮ ಫೋನು ಕಸಿದುಕೊಂಡಿದ್ದರೆ ಏನು ಮಾಡುವುದು ಎಂಬವರೆಗೂ ಮಾತಾಗಿರಬೇಕು. ಮಗುವಿನ ಸ್ವಂತ ಮಾತಿನಲ್ಲಿ ಇಲ್ಲದ ಕಾಗದ ಬೀರುವಿನಲ್ಲೇ ಉಳಿಯುತ್ತದೆ.

ಹೆತ್ತವರಿಗೂ ಪಾಠ ಏಕೆ

‘ಕಾಯಿಲೆ ಮಗುವಿಗೆ, ನಮಗೇಕೆ ತರಗತಿ?’ ಎಂಬ ಅಸಮಾಧಾನ ಈ ಸೇವೆಗಳಲ್ಲಿ ಸಾಮಾನ್ಯ. ಇದು ತಪ್ಪು ಹೊರಿಸುವ ಮಾತಲ್ಲ, ತೊಂದರೆ ಬೆಳೆಯುವ ಬಗೆಯ ಮಾತು. ಆತಂಕ ಇರುವ ಮಗುವನ್ನು ಉದಾಹರಣೆಗೆ ತೆಗೆದುಕೊಳ್ಳಿ. ಬೆಳಗ್ಗೆ ಹೊಟ್ಟೆನೋವು ಎನ್ನುತ್ತದೆ, ಅಳುತ್ತದೆ. ಅಮ್ಮ ಕರುಳು ಕರಗಿ ‘ಇವತ್ತೊಂದು ದಿನ ಬೇಡ ಬಿಡು’ ಎನ್ನುತ್ತಾಳೆ. ಐದು ನಿಮಿಷದಲ್ಲಿ ಹೊಟ್ಟೆನೋವು ಮಾಯ. ಮಗುವಿಗೂ ನೆಮ್ಮದಿ, ಅಮ್ಮನಿಗೂ ನೆಮ್ಮದಿ. ತಪ್ಪಿಸಿಕೊಂಡರೆ ಭಯ ಹೋಗುತ್ತದೆ ಎಂಬ ಪಾಠ ಮಗುವಿನ ಮೈಗೆ ಇನ್ನೊಂದು ಸಲ ಇಳಿಯಿತು. ನಾಳೆ ಭಯ ಇನ್ನೂ ದೊಡ್ಡದಾಗಿರುತ್ತದೆ.

ಇದನ್ನು ಬಿಡಿಸಲು ಏಣಿಯಂಥ ಯೋಜನೆ ಮಾಡುತ್ತಾರೆ: ಮೊದಲು ಸಮವಸ್ತ್ರ ಹಾಕಿಕೊಂಡು ಗೇಟಿನವರೆಗೆ, ಆಮೇಲೆ ಗ್ರಂಥಾಲಯದಲ್ಲಿ ಒಂದು ಗಂಟೆ, ಆಮೇಲೆ ಇಷ್ಟದ ಎರಡು ತರಗತಿ, ಆಮೇಲೆ ಅರ್ಧ ದಿನ. ಪ್ರತಿ ಮೆಟ್ಟಿಲಲ್ಲೂ ಭಯ ಏರಿ ತಾನಾಗಿ ಇಳಿಯುವವರೆಗೆ ಮಗು ಅಲ್ಲೇ ಇರಬೇಕು. ನಡುವೆ ಮನೆಗೆ ಕರೆತಂದರೆ ಏಣಿ ಮತ್ತೆ ಕೆಳಗಿನಿಂದ. ಬೆಳಗ್ಗೆ ಏಳೂವರೆಗೆ ಅಲ್ಲಿ ಚಿಕಿತ್ಸಕರು ಇರುವುದಿಲ್ಲ, ಹೆತ್ತವರೇ ಇರುತ್ತಾರೆ. ಯೇಲ್ ವಿಶ್ವವಿದ್ಯಾಲಯದ ಎಲಿ ಲೆಬೊವಿಟ್ಜ್ ತಂಡ 7ರಿಂದ 14 ವರ್ಷದ 124 ಮಕ್ಕಳ ಮೇಲೆ ನಡೆಸಿದ ಪ್ರಯೋಗದಲ್ಲಿ, ಮಗುವನ್ನು ಕಾಣದೆ ತಂದೆತಾಯಿಗೆ ಮಾತ್ರ ಕೊಟ್ಟ ತರಬೇತಿ ಮಗುವಿಗೇ ನೇರವಾಗಿ ಕೊಟ್ಟ ಸಿಬಿಟಿಗಿಂತ, ಅಂದರೆ ಯೋಚನೆ ಮತ್ತು ವರ್ತನೆಯನ್ನು ಬದಲಿಸಿಕೊಳ್ಳಲು ಕಲಿಸುವ ಮಾತಿನ ಚಿಕಿತ್ಸೆಗಿಂತ, ಕಡಿಮೆಯೇನೂ ಆಗಲಿಲ್ಲ. ಹೆತ್ತವರ ಪಾಲು ಎಷ್ಟು ದೊಡ್ಡದು ಎಂಬುದಕ್ಕೆ ಇದಕ್ಕಿಂತ ಸ್ಪಷ್ಟವಾದ ಸಾಕ್ಷ್ಯ ಬೇಕಿಲ್ಲ.

ಯಾರಿಗೆ ಇದು ಸರಿಯಾದ ಜಾಗವಲ್ಲ

ಈಗಲೇ ಸಾಯುವ ಉದ್ದೇಶ ಮತ್ತು ಯೋಜನೆ ಎರಡೂ ಇರುವ, ಸುರಕ್ಷತಾ ಯೋಜನೆಯಲ್ಲಿ ತೊಡಗಲಾಗದ ಮಗುವಿಗೆ ರಾತ್ರಿಯೂ ಕಾವಲು ಬೇಕು. ಇಲ್ಲದ ದನಿ ಕೇಳುವಷ್ಟು, ವಾಸ್ತವದ ಹಿಡಿತ ತಪ್ಪುವಷ್ಟು ಕಾಯಿಲೆ ಉಲ್ಬಣಿಸಿದವರಿಗೂ, ಊಟ ಬಿಟ್ಟು ನಾಡಿಮಿಡಿತ, ರಕ್ತದೊತ್ತಡ ಕುಸಿದವರಿಗೂ ಮೊದಲು ಆಸ್ಪತ್ರೆಯೇ. ಮನೆಯಲ್ಲೇ ಹೊಡೆತ, ದೌರ್ಜನ್ಯ ನಡೆಯುತ್ತಿದ್ದರೆ ಮಗುವನ್ನು ಪ್ರತಿ ರಾತ್ರಿ ಅದೇ ಮನೆಗೆ ಕಳಿಸುವ ಚಿಕಿತ್ಸೆ ಮೊದಲ ಹೆಜ್ಜೆಯಾಗಲಾರದು, ರಕ್ಷಣೆ ಮೊದಲು. ಇನ್ನೊಂದು ಕಡೆ, ಪರೀಕ್ಷೆಯ ಒತ್ತಡ, ಸೌಮ್ಯ ಆತಂಕ ಇರುವ ಮಗುವನ್ನು ವಾರಕ್ಕೆ ಒಂಬತ್ತು ಗಂಟೆ ಇಲ್ಲಿ ಕೂರಿಸುವುದು ಅನಗತ್ಯವಷ್ಟೇ ಅಲ್ಲ, ಅವನ ಆಟ, ಓದು, ಗೆಳೆತನದ ಹೊತ್ತನ್ನೇ ತಿನ್ನುತ್ತದೆ.

ಪರ, ವಿರೋಧ ಮತ್ತು ಪುರಾವೆ

ಪರವಾಗಿರುವವರ ವಾದದ ಹಿಂದೆ ಗಟ್ಟಿ ಆಧಾರವಿದೆ. ದಕ್ಷಿಣ ಲಂಡನ್‌ನಲ್ಲಿ ಡೆನಿಸ್ ಉಗ್ರಿನ್ ಮತ್ತು ಸಹೋದ್ಯೋಗಿಗಳು ನಡೆಸಿ 2018ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ, ಮನೋರೋಗದ ತುರ್ತಿನಲ್ಲಿ ಆಸ್ಪತ್ರೆ ಸೇರಿದ 106 ಮಕ್ಕಳನ್ನು ಚೀಟಿ ಎತ್ತಿದಂತೆ ಎರಡು ಪಾಲು ಮಾಡಿದರು. ಒಂದು ಪಾಲಿಗೆ ಬೇಗ ಡಿಸ್ಚಾರ್ಜ್ ಮತ್ತು ಸಮುದಾಯದಲ್ಲೇ ತೀವ್ರ ನೆರವು, ಇನ್ನೊಂದಕ್ಕೆ ಎಂದಿನ ಆರೈಕೆ. ಆರು ತಿಂಗಳಲ್ಲಿ ಆಸ್ಪತ್ರೆಯಲ್ಲಿ ಕಳೆದ ದಿನಗಳ ಮಧ್ಯಕ (ಏರಿಕೆಯ ಕ್ರಮದಲ್ಲಿ ಜೋಡಿಸಿದಾಗ ನಟ್ಟನಡುವೆ ಬರುವ ಅಂಕಿ) ಮೊದಲ ಪಾಲಿನಲ್ಲಿ 34, ಎರಡನೆಯದರಲ್ಲಿ 50. ನೆರವು ಪಡೆದ ಮಕ್ಕಳು ಶಾಲೆಗೆ ಮರಳುವುದರಲ್ಲೂ ಮುಂದಿದ್ದರು, ಪದೇಪದೇ ಗಾಯ ಮಾಡಿಕೊಳ್ಳುವುದೂ ಕಡಿಮೆಯಿತ್ತು. ಆದರೆ ಕಾಯಿಲೆಯ ಲಕ್ಷಣ ಮತ್ತು ಒಟ್ಟಾರೆ ನಿರ್ವಹಣೆಯ ಅಳತೆಗಳಲ್ಲಿ ಎರಡೂ ಪಾಲಿನ ನಡುವೆ ಹೇಳಿಕೊಳ್ಳುವ ವ್ಯತ್ಯಾಸ ಕಾಣಲಿಲ್ಲ. ಬದುಕು ಬೇಗ ಹಳಿಗೆ ಬಂತು, ಲಕ್ಷಣಗಳು ಹೆಚ್ಚು ಬೇಗ ಹೋಗಲಿಲ್ಲ. ಈ ಸೇವೆಯಿಂದ ಏನನ್ನು ನಿರೀಕ್ಷಿಸಬೇಕು ಎಂಬುದಕ್ಕೆ ಇದು ಪ್ರಾಮಾಣಿಕ ಚಿತ್ರ.

ಟೀಕಿಸುವವರ ಮಾತನ್ನೂ ಕಿವಿಗೊಟ್ಟು ಕೇಳಬೇಕು. ಅವರ ಮುಖ್ಯ ತಕರಾರು, ಕೇಂದ್ರಗಳು ತೋರಿಸುವ ಅಂಕಿಅಂಶದ ಬಗ್ಗೆ. ಸೇರುವಾಗಿನ ಖಿನ್ನತೆಯ ಅಂಕ ಇಷ್ಟು, ಬಿಡುವಾಗ ಇಷ್ಟು, ನೋಡಿ ಎಷ್ಟು ಇಳಿದಿದೆ ಎನ್ನುತ್ತವೆ. ಮಗು ಸೇರುವುದೇ ಸ್ಥಿತಿ ತೀರಾ ಹದಗೆಟ್ಟ ವಾರದಲ್ಲಿ. ಅಲ್ಲಿಂದ ಯಾವ ಚಿಕಿತ್ಸೆಯೂ ಇಲ್ಲದೆ ಸ್ವಲ್ಪ ಇಳಿಕೆ ಆಗಿಯೇ ಆಗುತ್ತದೆ. ಹೋಲಿಸಲು ಇನ್ನೊಂದು ಗುಂಪಿಲ್ಲದಿದ್ದರೆ ಇಳಿಕೆಯಲ್ಲಿ ಚಿಕಿತ್ಸೆಯ ಪಾಲೆಷ್ಟು ಎಂದು ಹೇಳಲಾಗದು. ಅರ್ಧದಲ್ಲಿ ಬಿಟ್ಟುಹೋದವರು ಲೆಕ್ಕದಿಂದ ಜಾರಿದ್ದರೆ ಚಿತ್ರ ಇನ್ನೂ ಚೆಂದ ಕಾಣುತ್ತದೆ. ಅಮೆರಿಕದಲ್ಲಿ ಖಿನ್ನತೆಯಿದ್ದ 439 ಹದಿಹರೆಯದವರ ಮೇಲೆ ನಡೆದು 2004ರಲ್ಲಿ ಪ್ರಕಟವಾದ ದೊಡ್ಡ ಪ್ರಯೋಗದಲ್ಲಿ, ಹನ್ನೆರಡು ವಾರದ ನಂತರ ಮಾತ್ರೆ ಮತ್ತು ಸಿಬಿಟಿ ಎರಡನ್ನೂ ಪಡೆದವರಲ್ಲಿ ಶೇ 71 ಮಂದಿ ಸುಧಾರಿಸಿದರು. ಬರೀ ಹುಸಿಮಾತ್ರೆ ಪಡೆದವರಲ್ಲೂ ಶೇ 35ರಷ್ಟು ಮಂದಿ ಸುಧಾರಿಸಿದ್ದರು. ಈ ಎರಡನೆಯ ಅಂಕಿಯನ್ನು ನೆನಪಿಟ್ಟುಕೊಂಡೇ ಯಾವ ಕೇಂದ್ರದ ಯಶಸ್ಸಿನ ಲೆಕ್ಕವನ್ನಾದರೂ ಓದಬೇಕು.

ಎರಡನೆಯ ತಕರಾರು ಅವಧಿಯದು, ಇದು ಇನ್ನೂ ಮುಖ್ಯ. ಡಿಬಿಟಿಯ ಹೆಸರು ಹೇಳುವ ಹಲವು ಸೇವೆಗಳು ಆರೆಂಟು ವಾರದವು. ಆದರೆ ಹದಿಹರೆಯದವರಲ್ಲಿ ಡಿಬಿಟಿ ಫಲ ಕೊಟ್ಟಿತು ಎಂದು ತೋರಿಸಿದ ಪ್ರಯೋಗಗಳ ಅವಧಿ ಬೇರೆ: ನಾರ್ವೆಯಲ್ಲಿ 77 ಮಕ್ಕಳ ಮೇಲೆ ನಡೆದದ್ದು 19 ವಾರ, ಅಮೆರಿಕದಲ್ಲಿ 173 ಮಕ್ಕಳ ಮೇಲೆ ನಡೆದದ್ದು ಆರು ತಿಂಗಳು. ಅವುಗಳಲ್ಲಿ ಗುಂಪಿನ ಪಾಠ, ಒಬ್ಬೊಬ್ಬರ ಭೇಟಿ, ಬಿಕ್ಕಟ್ಟಿನ ಹೊತ್ತಿಗೆ ಫೋನಿನಲ್ಲಿ ನೆರವು ಎಲ್ಲವೂ ಇದ್ದವು. ಒಂದು ಭಾಗವನ್ನು ಮಾತ್ರ ಎತ್ತಿಕೊಂಡು ಎಂಟು ವಾರಕ್ಕೆ ಇಳಿಸಿದರೆ ಅದೇ ಫಲ ಸಿಗುತ್ತದೆ ಎನ್ನಲು ಆ ಪ್ರಯೋಗಗಳು ಆಧಾರವಾಗುವುದಿಲ್ಲ. ಉಳಿದ ತಿಂಗಳುಗಳ ಕೆಲಸವನ್ನು ಬೇರೆ ಯಾರಾದರೂ ಮುಂದುವರಿಸುತ್ತಾರೆ ಎಂಬ ಖಾತರಿ ಇದ್ದರೆ ಮಾತ್ರ ಎಂಟು ವಾರಕ್ಕೆ ಅರ್ಥ ಬರುತ್ತದೆ.

ಮೂರನೆಯದು ಯಾರಿಗೆ ಎಟುಕುತ್ತದೆ ಎಂಬುದು. ವಾರಕ್ಕೆ ಮೂರು ಸಂಜೆ ಮಗುವನ್ನು ಕರೆತಂದು ಕಾದು ಕರೆದೊಯ್ಯಲು, ಜೊತೆಗೆ ತಾವೂ ತರಗತಿಗೆ ಕೂರಲು ಕೂಲಿ, ಪಾಳಿ ಕೆಲಸದ ಹೆತ್ತವರಿಗೆ ಆಗುವುದಿಲ್ಲ. ಆನ್‌ಲೈನ್ ಸೇವೆ ದೂರವನ್ನು ಅಳಿಸಿತು ನಿಜ. ಆದರೆ ಬಾಗಿಲು ಹಾಕಿಕೊಂಡು ಮಾತಾಡಲು ಒಂದು ಕೋಣೆಯೇ ಇಲ್ಲದ ಮನೆಯಲ್ಲಿ ಮಗು ಏನನ್ನು ಬಾಯಿಬಿಟ್ಟೀತು? ಪರದೆಯಾಚೆ ಮಗು ಕರೆ ಕಡಿದರೆ ತಕ್ಷಣ ಮನೆಗೆ ಹೋಗಿ ನೋಡುವವರು ಯಾರು? ಪ್ರತಿ ಆನ್‌ಲೈನ್ ಭೇಟಿಯ ಆರಂಭದಲ್ಲಿ ಮಗು ಈಗ ಎಲ್ಲಿದೆ, ಮನೆಯಲ್ಲಿ ದೊಡ್ಡವರು ಯಾರಿದ್ದಾರೆ, ಅವರ ಫೋನ್ ಸಂಖ್ಯೆ ಏನು ಎಂದು ಕೇಳದ ಸೇವೆಯನ್ನು ನಂಬಬಾರದು.

ಒಂಬತ್ತನೆಯ ವಾರ

ಬಿಕ್ಕಟ್ಟಿನ ಆರೈಕೆಯಿಂದ ಹೊರಬರುವ ಹೊತ್ತು ಅಪಾಯದ ಹೊತ್ತು. ಮನೋರೋಗದ ವಾರ್ಡಿನಿಂದ ಡಿಸ್ಚಾರ್ಜ್ ಆದ ಮೊದಲ ವಾರಗಳಲ್ಲಿ, ಮೊದಲ ಮೂರು ತಿಂಗಳಲ್ಲಿ ಆತ್ಮಹತ್ಯೆಯ ಅಪಾಯ ಹೆಚ್ಚಿರುತ್ತದೆ ಎಂಬುದು ಹಲವು ದೇಶಗಳ ಅನುಭವ. ವಾರ್ಡಿನಿಂದ ಬಂದ ಮಗುವನ್ನು ನೇರ ವಾರದ ಭೇಟಿಗೆ ಬಿಡದೆ ತೀವ್ರ ಸೇವೆಗೆ ಸೇರಿಸುವುದು ಇದಕ್ಕಾಗಿಯೇ. ಆದರೆ ಆ ಸೇವೆಯೂ ಒಂದು ದಿನ ಮುಗಿಯುತ್ತದೆ. ವಾರಕ್ಕೆ ಒಂಬತ್ತು ಗಂಟೆ ಸಿಗುತ್ತಿದ್ದ ಆಸರೆ ಸೋಮವಾರದಿಂದ ಸೊನ್ನೆಗೆ ಇಳಿದರೆ ಹಳೆಯ ಅಪಾಯವನ್ನು ಎಂಟು ವಾರ ಮುಂದೂಡಿದಂತಾಯಿತು ಅಷ್ಟೆ.

ಚೆನ್ನಾಗಿ ನಡೆಸುವ ಕಡೆ ಬಿಡುಗಡೆಯ ತಯಾರಿ ಮೊದಲ ವಾರವೇ ಶುರುವಾಗುತ್ತದೆ. ಮುಂದಿನ ಚಿಕಿತ್ಸಕರ ಹೆಸರು ಗೊತ್ತಾಗಿ, ಸೇವೆ ಮುಗಿಯುವ ಮೊದಲೇ ಅವರ ಜೊತೆ ಒಂದು ಭೇಟಿ ಆಗಿರುತ್ತದೆ. ಮೂರು ದಿನ ಎರಡಾಗಿ, ಎರಡು ಒಂದಾಗಿ ಇಳಿಯುತ್ತದೆ. ಬಿಟ್ಟ ಏಳು ದಿನದೊಳಗೆ ಹೊಸ ಕಡೆ ಮೊದಲ ಭೇಟಿ. ಶಾಲೆಯಲ್ಲಿ ಬಿಕ್ಕಟ್ಟು ಬಂದರೆ ಮಗು ಯಾರ ಹತ್ತಿರ, ಯಾವ ಕೋಣೆಗೆ ಹೋಗಬೇಕು ಎಂಬುದು ಒಬ್ಬ ಶಿಕ್ಷಕರ ಹೆಸರಿನ ಸಮೇತ ತೀರ್ಮಾನವಾಗಿರುತ್ತದೆ. ಮಾತ್ರೆಯ ಚೀಟಿ ಮುಂದಿನ ವೈದ್ಯರ ಭೇಟಿಯವರೆಗೆ ಸಾಲುವಷ್ಟು ಇದೆಯೇ ಎಂಬ ಸಣ್ಣ ವಿಷಯವನ್ನೂ ನೋಡಿರುತ್ತಾರೆ. ಇದು ತಪ್ಪಿದಾಗ ಮಾತ್ರೆ ಹಠಾತ್ ನಿಂತು, ತಲೆಸುತ್ತು, ಸಿಡುಕು, ನಿದ್ದೆಗೇಡು ಬಂದು, ಕಾಯಿಲೆ ಮರುಕಳಿಸಿತು ಎಂದು ಮನೆಯವರು ಗಾಬರಿಯಾಗುತ್ತಾರೆ.

ಸೇರಿಸುವ ಮುನ್ನ ಕೇಳಬೇಕಾದದ್ದು

ಹೆತ್ತವರು ಸಂಕೋಚವಿಲ್ಲದೆ ಕೇಳಬಹುದಾದ ಪ್ರಶ್ನೆಗಳಿವೆ. ಗುಂಪಿನಲ್ಲಿ ಎಷ್ಟು ಮಕ್ಕಳು, ಯಾವ ವಯಸ್ಸಿನವರು, ನಡೆಸುವವರು ಎಷ್ಟು ಜನ, ಅವರ ಓದು ಏನು? ಗುಂಪಲ್ಲದೆ ಮಗುವನ್ನು ಪ್ರತ್ಯೇಕವಾಗಿ ವಾರಕ್ಕೆ ಎಷ್ಟು ಹೊತ್ತು ನೋಡುತ್ತಾರೆ? ಮನೋವೈದ್ಯರು ತಂಡದಲ್ಲಿದ್ದಾರೆಯೇ, ಬೇಕಾದಾಗ ಕರೆಸುತ್ತಾರೆಯೇ? ಸುಧಾರಣೆಯನ್ನು ಯಾವ ಪ್ರಶ್ನಾವಳಿಯಿಂದ, ಎಷ್ಟು ದಿನಕ್ಕೊಮ್ಮೆ ಅಳೆಯುತ್ತಾರೆ, ಆ ಅಂಕ ನಮಗೆ ತೋರಿಸುತ್ತಾರೆಯೇ? ಮೂರು ವಾರವಾದರೂ ಏನೂ ಇಳಿಯದಿದ್ದರೆ ಏನು ಬದಲಾಯಿಸುತ್ತಾರೆ? ರಾತ್ರಿ ಹನ್ನೊಂದಕ್ಕೆ ಬಿಕ್ಕಟ್ಟು ಬಂದರೆ ಯಾರಿಗೆ ಕರೆ ಮಾಡಬೇಕು? ಕೊನೆಯದಾಗಿ, ಇಲ್ಲಿಂದ ಹೊರಟ ಮೇಲೆ ಯಾರು? ಈ ಕೊನೆಯ ಪ್ರಶ್ನೆಗೆ ‘ಅದನ್ನು ಆಮೇಲೆ ನೋಡೋಣ’ ಎಂಬ ಉತ್ತರ ಬಂದರೆ ಆ ಕೇಂದ್ರದ ಯೋಜನೆ ಅರ್ಧ ಮಾತ್ರ ಸಿದ್ಧವಾಗಿದೆ ಎಂದರ್ಥ. ಸೇವೆಯಲ್ಲಿರುವಾಗ ಮಗುವಿನ ಅಪಾಯ ಏರಿತು ಎನಿಸಿದರೆ ಮುಂದಿನ ಭೇಟಿಯ ದಿನಕ್ಕೆ ಕಾಯದೆ, ಮಗುವನ್ನು ಒಂಟಿಯಾಗಿ ಬಿಡದೆ ತುರ್ತು ವಿಭಾಗಕ್ಕೆ ಹೋಗಬೇಕು.

ಮುಂದೆ ಏನಾಗಬಹುದು

ಇಂಥ ಸೇವೆಗಳು ಹೆಚ್ಚುತ್ತ ಹೋದಂತೆ ಮೊದಲ ಪರಿಣಾಮ ಒಳ್ಳೆಯದೇ. ವಾರ್ಡು ಸೇರಬೇಕಾಗಿದ್ದ ಕೆಲವು ಮಕ್ಕಳು ಮನೆಯಲ್ಲೇ ಚೇತರಿಸಿಕೊಳ್ಳುತ್ತಾರೆ, ಖಾಲಿಯಾದ ಹಾಸಿಗೆ ನಿಜವಾಗಿ ಬೇಕಾದವರಿಗೆ ಸಿಗುತ್ತದೆ. ಎರಡನೆಯ ಪರಿಣಾಮ ಅಷ್ಟು ಸುಲಭದ್ದಲ್ಲ. ತೀವ್ರ ಸೇವೆಗೆ ಬೇಕಾದ ಮನಶ್ಶಾಸ್ತ್ರಜ್ಞರು, ಮಕ್ಕಳ ಮನೋವೈದ್ಯರು, ತರಬೇತಾದ ದಾದಿಯರು ಬರುವುದು ವಾರದ ಭೇಟಿ ಕೊಡುವ ಅದೇ ಸಣ್ಣ ಬಳಗದಿಂದ. ಒಂದು ಕಡೆ ಎಂಟು ಮಕ್ಕಳ ಗುಂಪು ತೆರೆದರೆ ಇನ್ನೊಂದು ಕಡೆ ವಾರದ ಭೇಟಿಯ ಸರತಿ ಉದ್ದವಾಗುತ್ತದೆ. ಆ ಸರತಿ ಉದ್ದವಾದಷ್ಟೂ ತೀವ್ರ ಸೇವೆ ಮುಗಿಸಿದ ಮಗು ಹೊರಗೆ ಕಾಯುವ ದಿನಗಳು ಹೆಚ್ಚುತ್ತವೆ, ಕಾಯುತ್ತ ಹದಗೆಟ್ಟ ಮಗು ಮತ್ತೆ ತುರ್ತು ವಿಭಾಗದಲ್ಲಿ ಕಾಣಿಸಿಕೊಳ್ಳುತ್ತದೆ. ಆಗ ಇನ್ನೊಂದು ತೀವ್ರ ಸೇವೆ ಬೇಕೆಂಬ ಬೇಡಿಕೆ ಹುಟ್ಟುತ್ತದೆ.

ಇನ್ನೊಂದು ಸೇವೆ ಶುರುವಾಯಿತು ಎಂಬ ಸುದ್ದಿ ಮುಂದೆ ಓದುವಾಗ, ಎಷ್ಟು ಮಕ್ಕಳನ್ನು ಸೇರಿಸಿಕೊಳ್ಳುತ್ತಾರೆ ಎಂಬ ಅಂಕಿಯ ಪಕ್ಕದಲ್ಲಿ ಇನ್ನೆರಡು ಅಂಕಿಗಳನ್ನು ಹುಡುಕಬೇಕು: ಸೇವೆ ಮುಗಿಸಿದವರಲ್ಲಿ ಏಳು ದಿನದೊಳಗೆ ಮುಂದಿನ ಚಿಕಿತ್ಸಕರನ್ನು ಕಂಡವರೆಷ್ಟು, ಆರು ತಿಂಗಳಾದ ಮೇಲೂ ಶಾಲೆಗೆ ಹೋಗುತ್ತಿರುವವರೆಷ್ಟು.